ಮುದ್ದೆಗೆ ಹಲ್ಲು ಬೇಡ

ನನ್ನ ಕೈಚೀಲದ ಸಣ್ಣ ಜೇಬಿನಲ್ಲಿ, ಮೊದಲು ಕುಂಕುಮದ ಭರಣಿ ಇರುತ್ತಿದ್ದ ಜಾಗದಲ್ಲಿ, ಈಗ ಮೇಣದ ಡಬ್ಬಿಯೊಂದಿದೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಒಳಗೆ ಐದು ಬಿಳಿ ಮೇಣದ ಕಡ್ಡಿಗಳು. ಹಲ್ಲಿಗೆ ಕಟ್ಟಿದ ತಂತಿ ಕೆನ್ನೆಯ ಒಳಮೈಯನ್ನು ಕೊರೆಯಲು ಶುರುಮಾಡಿದಾಗ ಕಡಲೆಕಾಳಿನಷ್ಟು ಮೇಣ ಚಿವುಟಿ, ಬೆರಳಲ್ಲಿ ಉಂಡೆ ಮಾಡಿ, ಕೊರೆಯುವ ಜಾಗಕ್ಕೆ ಮೆತ್ತಬೇಕು. ಮೊನ್ನೆ ಶಾಲೆಯ ಸ್ಟಾಫ್ ರೂಮಿನಲ್ಲಿ ಗೋಡೆಯ ಕಡೆ ತಿರುಗಿಕೊಂಡು ಈ ಕೆಲಸ ಮಾಡುತ್ತಿದ್ದೆ. ಬೆರಳುಗಳು ತಮ್ಮ ಪಾಡಿಗೆ ತಾವು ಮಾಡುತ್ತಿದ್ದದ್ದು ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಚಿವುಟು, ಉಂಡೆ ಮಾಡು, ಹೆಬ್ಬೆರಳಲ್ಲಿ ಒಂದು ಗುಳಿ ಒತ್ತು. ನಾನು ಮೇಣದಲ್ಲಿ ಮುದ್ದೆ ಮುರಿಯುತ್ತಿದ್ದೆ. ಗುರುತು ಹತ್ತಿದ್ದೇ ತಡ, ಗೋಡೆಯ ಎದುರಿಗೇ ನಾಚಿಕೆಯಾಯಿತು.

ನಲವತ್ಮೂರನೇ ವಯಸ್ಸಿನಲ್ಲಿ ಹಲ್ಲಿಗೆ ಕ್ಲಿಪ್ಪೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ, ನೀವೂ ಕೇಳಿ. ನಮ್ಮ ಹೊಸೂರಿನಲ್ಲಿ ತಲೆಗೂ ಕ್ಲಿಪ್ಪು, ಒಣಹಾಕಿದ ಬಟ್ಟೆಗೂ ಕ್ಲಿಪ್ಪು, ಹಲ್ಲಿಗೂ ಕ್ಲಿಪ್ಪು. ಮದುವೆಗೆ ಮುಂಚೆ ಹಾಕಿಸಿಕೊಳ್ಳಬೇಕಾದ್ದನ್ನು ಗಂಡನ ಷಷ್ಟಿಪೂರ್ತಿಗೆ ಹಾಕಿಸಿಕೊಳ್ಳುತ್ತಿದ್ದೀಯಾ ಎಂದು ನನ್ನ ಅಕ್ಕ ಫೋನಿನಲ್ಲಿ ಕೇಳಿದಳು. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಸರಿಯಾಗಿ ಕೂರದೆ ಒಂದನ್ನೊಂದು ತೇಯುತ್ತಿವೆ, ಹೀಗೇ ಬಿಟ್ಟರೆ ಮುಂದಿನ ಹಲ್ಲುಗಳು ಸವೆದು ಹೋಗುತ್ತವೆ ಎಂದು ಡಾಕ್ಟರು ಹೇಳಿದರು, ಅದಕ್ಕೇ ಎಂದು ಎಲ್ಲರಿಗೂ ಹೇಳುತ್ತೇನೆ. ಅದು ನಿಜ. ಎಡಗಡೆಯ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತು, ಮೂವತ್ತು ವರ್ಷದಿಂದ ಪ್ರತಿ ಫೋಟೋದಲ್ಲೂ ನನಗಿಂತ ಮೊದಲು ಕಾಣಿಸಿಕೊಳ್ಳುತ್ತಿತ್ತು ಎಂಬುದೂ ನಿಜ. ಎರಡನೆಯದನ್ನು ಯಾರಿಗೂ ಹೇಳುವುದಿಲ್ಲ.

ಹೊಸೂರಿನಲ್ಲಿ ಹಲ್ಲಿನ ಡಾಕ್ಟರುಗಳಿಗೆ ಬರವಿಲ್ಲ. ಆದರೆ ಇಲ್ಲಿನ ಯಾವ ಆಸ್ಪತ್ರೆಗೆ ಹೋದರೂ ಬೆಂಚಿನ ಮೇಲೆ ನಮ್ಮ ಶಾಲೆಯ ಮಕ್ಕಳೋ ಅವರ ತಾಯಂದಿರೋ ಕೂತಿರುತ್ತಾರೆ. ಗಣಿತದ ಮಿಸ್ಸು ಬಾಯಿ ಬಿಟ್ಟುಕೊಂಡು ಮಲಗಿದ್ದನ್ನು ಅವರು ನೋಡಬಾರದೆಂದು ನಾನು ಬಸ್ಸು ಹತ್ತಿ, ಶೂಳಗಿರಿ ದಾಟಿ, ಕೃಷ್ಣಗಿರಿಗೆ ಹೋಗಿ ಅಲ್ಲೊಬ್ಬ ಡಾಕ್ಟರಮ್ಮನನ್ನು ಹುಡುಕಿಕೊಂಡೆ. ಗುಟ್ಟಾಗಿ ಹೋದೆ, ಗುಟ್ಟಾಗಿ ಬಂದೆ. ಹಲ್ಲಿನ ಮೇಲೆ ಇಪ್ಪತ್ತು ಲೋಹದ ತುಂಡು ಅಂಟಿಸಿಕೊಂಡು, ತಂತಿ ಎಳೆಸಿಕೊಂಡು, ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಸಾಲಿನ ಮುಂದೆ ನಿಂತು "ಗುಡ್ ಮಾರ್ನಿಂಗ್" ಎಂದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಕಥೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೃಷ್ಣಗಿರಿಯಲ್ಲಿ ಹಾಕಿಸಿಕೊಂಡದ್ದು ಹೊಸೂರಿನಲ್ಲಿ ಕಾಣುವುದಿಲ್ಲ ಎಂದು ಯಾವ ಲೆಕ್ಕದಲ್ಲಿ ನಂಬಿದ್ದೆನೋ, ಗಣಿತ ಕಲಿಸುವ ನನಗೇ ತಿಳಿಯದು.

ಮೊದಲ ವಾರದ ಕಷ್ಟವನ್ನು ಹೇಳಿದರೆ ನಿಮ್ಮ ಹಲ್ಲೂ ಜುಮ್ಮೆನ್ನುತ್ತದೆ. ನೋವು ಒಂದು ಹಲ್ಲಿನದಾದರೆ ಇದೇ ಎಂದು ಬೆರಳಿಟ್ಟು ತೋರಿಸಬಹುದು. ಇಲ್ಲಿ ಇಡೀ ಬಾಯೇ ನೋವು. ತುಟಿ ಮುಚ್ಚಿದರೆ ತಂತಿ ಕೊರೆಯುತ್ತದೆ, ತೆರೆದರೆ ಒಣಗುತ್ತದೆ. ನಾಲಿಗೆ ತನ್ನ ಮನೆಗೆ ಹೊಸಬರು ಬಂದದ್ದು ತಿಳಿದು ಹಗಲಿಡೀ ಹೋಗಿ ತಡವಿ ನೋಡುತ್ತದೆ, ತಡವಿದಷ್ಟೂ ಸುಲಿಯುತ್ತದೆ. ಮಾತು ಬೇರೆ ಹೋಯಿತು. "ಸಿಕ್ಸ್ ಸಿಕ್ಸಸ್ ಆರ್ ಥರ್ಟಿ ಸಿಕ್ಸ್" ಎಂದು ಹೇಳಿದ ದಿನ ಮೊದಲ ಬೆಂಚಿನ ಹುಡುಗಿಯರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಓದುವುದಕ್ಕಲ್ಲ. ಅಂದಿನಿಂದ ಆರರ ಮಗ್ಗಿಯನ್ನು ಬೋರ್ಡಿನ ಮೇಲೆ ಬರೆದು, ಕೋಲಿನಿಂದ ತೋರಿಸಿ, ಅವರ ಬಾಯಿಂದಲೇ ಹೇಳಿಸುತ್ತಿದ್ದೇನೆ.

ಡಾಕ್ಟರಮ್ಮ ಕೊಟ್ಟ ಪಟ್ಟಿಯೊಂದಿದೆ, ತಿನ್ನಬಾರದ್ದರ ಪಟ್ಟಿ. ಮುರುಕು, ಕಡಲೆ, ಕಬ್ಬು, ಕೊಬ್ಬರಿ ಮಿಠಾಯಿ, ಕಚ್ಚಿ ತಿನ್ನುವ ಯಾವುದೂ ಇಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ನನಗೆ ಎರಡೂ ಇದ್ದವು, ನಡುವೆ ಬೇಲಿ ಬಿತ್ತು. ಅದು ಮಾವಿನ ಕಾಲ ಬೇರೆ. ಕೃಷ್ಣಗಿರಿ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಬುಟ್ಟಿ ಹಣ್ಣು. ಅವನ್ನು ಮೂಸಿಕೊಂಡು ಬಂದು, ಮನೆಯಲ್ಲಿ ಚಾಕುವಿನಿಂದ ತೆಳ್ಳಗೆ ಹೋಳು ಮಾಡಿಸಿಕೊಂಡು ತಿಂದೆ. ವಾಟೆಯನ್ನು ಚೀಪದೆ ಎಸೆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಇಷ್ಟಕ್ಕೂ ಈ ಪ್ರಬಂಧ ಹಲ್ಲಿನದಲ್ಲ. ಹಲ್ಲು ನೆಪ.

ಮೊದಲ ಸಲ ಹೋದಾಗ ಡಾಕ್ಟರಮ್ಮನ ಕುರ್ಚಿಯಿಂದ ಎದ್ದವಳೇ ತಲೆ ಸುತ್ತಿ ಬಿದ್ದಿದ್ದೆ. ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವ ನನ್ನ ಗಂಡನಿಗೆ ತಿಂಗಳು ತಿಂಗಳು ರಜ ಸಿಗುವುದಿಲ್ಲ. ಹಾಗಾಗಿ ಅತ್ತೆ ಜೊತೆಗೆ ಬರತೊಡಗಿದರು. ಅತ್ತೆ ಬೇರಿಕೆ ಪಕ್ಕದ ಹಳ್ಳಿಯವರು. ಮಾವ ತೀರಿಕೊಂಡ ಮೇಲೆ ಹೊಸೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ, ಹದಿಮೂರು ವರ್ಷವಾಯಿತು. ಕಡಿಮೆ ಮಾತಿನವರು. ನಾನು ಕಂಡಂತೆ ಕನ್ನಡ ಬಿಟ್ಟರೆ ತೆಲುಗು, ತೆಲುಗು ಬಿಟ್ಟರೆ ಕನ್ನಡ. ತಮಿಳಿನಲ್ಲಿ ಯಾರೇ ಏನೇ ಕೇಳಲಿ, ಸುಮ್ಮನೆ ನಕ್ಕು ನನ್ನ ಮುಖ ನೋಡುತ್ತಿದ್ದರು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಕನ್ನಡದಲ್ಲಿ ಉತ್ತರಿಸುತ್ತಿದ್ದರು, ನಾನು ಅದನ್ನು ತಮಿಳು ಮಾಡುತ್ತಿದ್ದೆ. ಈ ದುಭಾಷಿ ಕೆಲಸದಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ನಮ್ಮ ಕಡೆ ಮೂರು ಭಾಷೆ ಇರುವುದು ಮಾತಾಡುವುದಕ್ಕಷ್ಟೇ ಅಲ್ಲ, ಮುಚ್ಚಿಡುವುದಕ್ಕೂ. ಮೂವರು ಕೂತಿರುವಾಗ ಒಬ್ಬರಿಗೆ ತಿಳಿಯಬಾರದ್ದನ್ನು ಹೇಳಬೇಕಾದರೆ ಎದ್ದು ಹೋಗಬೇಕಾಗಿಲ್ಲ, ಆ ಒಬ್ಬರಿಗೆ ಬಾರದ ಭಾಷೆಗೆ ಹೊರಳಿದರಾಯಿತು. ನಾನು ಚಿಕ್ಕವಳಿದ್ದಾಗ ಅಪ್ಪ ಅಮ್ಮ ನಮ್ಮಿಂದ ಮುಚ್ಚಿಡಬೇಕಾದ್ದನ್ನೆಲ್ಲ ತೆಲುಗಿನಲ್ಲಿ ಆಡುತ್ತಿದ್ದರು. ಬೆಲ್ಲದ ಅಚ್ಚನ್ನು ಎಲ್ಲಿಟ್ಟಿದ್ದೀಯ ಎಂದು ಅಪ್ಪ ತೆಲುಗಿನಲ್ಲಿ ಕೇಳುತ್ತಿದ್ದರು, ಹುರುಳಿ ಮಡಕೆಯ ಹಿಂದೆ ಎಂದು ಅಮ್ಮ ತೆಲುಗಿನಲ್ಲಿ ಹೇಳುತ್ತಿದ್ದಳು, ಸಂಜೆಯೊಳಗೆ ಅಚ್ಚಿನ ಒಂದು ಮೂಲೆ ಮಾಯವಾಗಿರುತ್ತಿತ್ತು. ನಮಗೆ ತೆಲುಗು ಬಂದದ್ದೇ ಹಾಗೆ. ಯಾವ ಭಾಷೆಯಲ್ಲಿ ಗುಟ್ಟು ಮಾಡುತ್ತಾರೋ ಆ ಭಾಷೆಯನ್ನು ಪಕ್ಕದಲ್ಲಿ ಸುಮ್ಮನೆ ಕೂತವರು ಎಲ್ಲಕ್ಕಿಂತ ಬೇಗ ಕಲಿಯುತ್ತಾರೆ. ಇದನ್ನು ಸ್ವಂತ ಅನುಭವದಿಂದ ತಿಳಿದಿದ್ದ ನಾನು ಮದುವೆಯಾದ ಮೇಲೆ ಸಂಪೂರ್ಣ ಮರೆತುಬಿಟ್ಟೆ.

ಈಗ ಮುದ್ದೆಯ ವಿಷಯ. ನಮ್ಮೂರಲ್ಲಿ ಅದಕ್ಕೆ ಮುದ್ದೆ ಎಂದು ಹೇಳುವವರು ಕಡಿಮೆ, ಹಿಟ್ಟು ಎನ್ನುತ್ತಾರೆ. ತೆಲುಗಿನವರು ಸಂಗಟಿ, ತಮಿಳಿನವರು ಕಳಿ. ಹೆಸರು ಮೂರು, ತಿನ್ನುವ ಬಗೆ ಒಂದೇ: ಅಗಿಯಬಾರದು. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ಮೂರು ವರ್ಷದ ಮಗುವಿಗೂ ಮೊದಲು ಕಲಿಸುವುದು ಇದನ್ನೇ. ನಾನೊಮ್ಮೆ ಯಾರೂ ನೋಡುತ್ತಿಲ್ಲವೆಂದು ಅಗಿದು ನೋಡಿದ್ದೆ. ಹಲ್ಲಿಗೆಲ್ಲ ಮೆತ್ತಿಕೊಂಡು ಅರ್ಧ ದಿನ ಬಿಡಲಿಲ್ಲ. "ಅಗಿಯಾಕೆ ನೀನೇನು ಎಮ್ಮೆಯಾ" ಎಂದು ಅಮ್ಮ ತಲೆಗೊಂದು ಕುಟ್ಟಿದ್ದಳು. ಹುರುಳಿಕಾಳಿನ ಬಸ್ಸಾರು, ಬಿಸಿ ಹಿಟ್ಟು, ಗಂಟಲಲ್ಲಿ ಜಾರಿ ಹೋಗುವ ಆ ತುತ್ತಿನ ಭಾರ, ಇವುಗಳ ಮುಂದೆ ಇಂದಿಗೂ ನನಗೆ ಇನ್ನೊಂದು ಊಟವಿಲ್ಲ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎನ್ನುತ್ತಾರೆ. ಬೆಟ್ಟ ಕೀಳುವುದಿರಲಿ, ಹಿಟ್ಟು ತಿನ್ನುತ್ತೇನೆ ಎಂದು ಬಾಯಿಬಿಟ್ಟು ಹೇಳುವಷ್ಟು ಧೈರ್ಯವೂ ನನಗೆ ಬರಲಿಲ್ಲ.

ಹನ್ನೊಂದು ವರ್ಷದ ಕೆಳಗೆ ನಾನು ಈ ಶಾಲೆಗೆ ಹೊಸದಾಗಿ ಸೇರಿದ್ದೆ. ಇಂಗ್ಲಿಷ್ ಮಾಧ್ಯಮದ ಶಾಲೆ. ಮೇಷ್ಟರುಗಳು ಸೇಲಂ, ಕೊಯಮತ್ತೂರು, ವೆಲ್ಲೂರುಗಳಿಂದ ಬಂದವರು. ಅವರ ನಡುವೆ ಬೇರಿಕೆ ಕಡೆಯ ಹಳ್ಳಿಯವಳು ಎಂದು ಎದ್ದು ಕಾಣಬಾರದೆಂದು ನಾನು ಪಡುತ್ತಿದ್ದ ಪಾಡು ಅಷ್ಟಿಷ್ಟಲ್ಲ. ಡಬ್ಬಿಗೆ ಅನ್ನ, ಚಪಾತಿ, ಇಡ್ಲಿ, ಇಷ್ಟೇ ಹಾಕಿಸಿಕೊಳ್ಳುತ್ತಿದ್ದೆ. ನನ್ನ ಜೊತೆಗೇ ಸೇರಿದವರು ಸೆಲ್ವಿ ಟೀಚರ್, ತಮಿಳು ಕಲಿಸುತ್ತಿದ್ದರು. ಅವರ ತಮಿಳು ಎಷ್ಟು ಚೊಕ್ಕವಾಗಿತ್ತೆಂದರೆ ತಂಜಾವೂರಿನವರಿರಬೇಕು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಕೇಳಲು ಹೋಗಲಿಲ್ಲ.

ಒಂದು ಶನಿವಾರ ಮಧ್ಯಾಹ್ನ, ನಾನು ಮರೆತು ಬಂದಿದ್ದ ಉತ್ತರಪತ್ರಿಕೆಯ ಕಟ್ಟನ್ನು ಕೊಡಲು ಸೆಲ್ವಿ ಟೀಚರ್ ಹೇಳದೆ ಕೇಳದೆ ಮನೆಗೆ ಬಂದರು. ನಮ್ಮದು ಬಾಗಿಲಲ್ಲಿ ನಿಂತರೆ ಅಡುಗೆಮನೆ ಕಾಣುವ ಮನೆ. ಅತ್ತೆ ಪಾತ್ರೆಯನ್ನು ನೆಲಕ್ಕಿಳಿಸಿಕೊಂಡು, ಕಾಲಲ್ಲಿ ಅದುಮಿ ಹಿಡಿದು, ಕೋಲಿನಿಂದ ಹಿಟ್ಟು ತಿರುವುತ್ತಿದ್ದರು. ಮುಖವೆಲ್ಲ ಬೆವರು. ಸೆಲ್ವಿ ಟೀಚರ್ ಇಣುಕಿ ನೋಡಿ, ನಕ್ಕು, "ಕಳಿಯಾ? ಯಾರುಕ್ಕು?" ಎಂದರು. ಕಳಿಯೇ, ಯಾರಿಗೆ, ಎಂದಷ್ಟೇ ಅವರು ಕೇಳಿದ್ದು. ಆದರೆ ತಮಿಳಿನಲ್ಲಿ ಕಳಿ ಎಂದರೆ ಜೈಲಿನ ಊಟವೂ ಹೌದು. ಯಾರನ್ನಾದರೂ ಜೈಲಿಗೆ ಹೋಗುತ್ತೀಯ ಎಂದು ಹೆದರಿಸಬೇಕಾದರೆ ಕಳಿ ತಿನ್ನುತ್ತೀಯ ಎನ್ನುತ್ತಾರೆ. ಅವರ ನಗುವಿನಲ್ಲಿ ನನಗೆ ಕೇಳಿಸಿದ್ದು ಅದು.

ನಾನು ಹೇಳಿದೆ, "ನಾಯಿಕ್ಕು."

ನಾಯಿಗೆ. ಅತ್ತೆಗೆ ತಿಳಿಯದಿರಲಿ ಎಂದು ತಮಿಳಿನಲ್ಲೇ ಹೇಳಿದೆ. ನಾಯಿಗೆ ತಮಿಳಿನಲ್ಲೂ ನಾಯಿ ಎಂದೇ ಹೆಸರು ಎಂಬುದು ಹೇಳಿ ಮುಗಿಸಿದ ಮೇಲೆ ಹೊಳೆಯಿತು. ಅತ್ತೆಯ ಕೈಯಲ್ಲಿದ್ದ ಕೋಲು ಒಂದು ಸಲ ನಿಂತಿತು. ಆಮೇಲೆ ಮತ್ತೆ ತಿರುಗಿತು. ಸೆಲ್ವಿ ಟೀಚರ ಮುಖದ ಮೇಲಿನ ನಗು ಮಾತ್ರ ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. "ಓ" ಎಂದರು, ನೀರು ಕುಡಿದು ಹೊರಟುಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ಹೋಗಲಿಲ್ಲ, ಮನೆ ಮಾಡಿಕೊಂಡು ನೆಲೆಸಿತು. ಸೋಮವಾರ ಸ್ಟಾಫ್ ರೂಮಿನಲ್ಲಿ ನಾಯಿಯ ಹೆಸರೇನು ಎಂದು ಕೇಳಿದರು. ಮಣಿ ಎಂದೆ. ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ, ಎಂದೂ ಇರಲಿಲ್ಲ. ನನ್ನ ಗಂಡನಿಗೆ ನಾಯಿ ಕಂಡರೆ ಭಯ. ಆದರೂ ಮಣಿ ಬೆಳೆಯಿತು. ಅದರ ಬಣ್ಣ ಕಂದು ಎಂದಾಯಿತು, ಕಿವಿ ಜೋಲು ಎಂದಾಯಿತು. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರುತ್ತದೆ ಎಂದು ನಾನೇ ಒಂದು ದೀಪಾವಳಿಯಲ್ಲಿ ಯಾರೂ ಕೇಳದೆ ಹೇಳಿದೆ. ಯಾರದೋ ಮನೆಯ ಊಟದಲ್ಲಿ ಉಳಿದ ಮೂಳೆಗಳನ್ನು ನನಗೆ ಪೊಟ್ಟಣ ಕಟ್ಟಿ ಕೊಟ್ಟರು. ಬಸ್ ಸ್ಟಾಪಿನ ಹಿಂದೆ ಬೇರೆಯವರ ನಾಯಿಗೆ ಹಾಕಿ ಬಂದೆ. ಹೀಗೆ ಒಂದೂವರೆ ವರ್ಷ ಸಾಕಿ ಸುಸ್ತಾಗಿ, ಒಂದು ದಿನ ಮಣಿಯನ್ನು ಕೃಷ್ಣಗಿರಿ ರಸ್ತೆಯ ಲಾರಿಗೆ ಕೊಟ್ಟೆ. ಅಂದು ಸಂಜೆ ಸೆಲ್ವಿ ಟೀಚರ್ ಸಮಾಧಾನ ಹೇಳಲು ಮನೆಗೆ ಫೋನ್ ಮಾಡಿದರು. ನಡುಮನೆಯಲ್ಲಿ ನಿಂತು, ಹೌದು ಟೀಚರ್, ಒಂದೇ ಏಟಿಗೆ ಟೀಚರ್, ಎಂದು ತಮಿಳಿನಲ್ಲಿ ಗಂಟಲು ತುಂಬಿಕೊಂಡು ಹೇಳಿದೆ. ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು.

ನಾಲ್ಕೈದು ವರ್ಷವಾದ ಮೇಲೆ ಸೆಲ್ವಿ ಟೀಚರ ತಮ್ಮನ ಮದುವೆಗೆ ಹೋದೆ. ಅವರ ಊರು ತಂಜಾವೂರಲ್ಲ, ಪಾಲಕೋಡು. ಇಲ್ಲೇ, ರಾಯಕೋಟೆಯ ಆಚೆ. ಮದುವೆಯ ಹಿಂದಿನ ದಿನ ಮನೆಯವರೆಲ್ಲ ಸಾಲಾಗಿ ಕೂತು ಉಣ್ಣುತ್ತಿದ್ದರು, ಬಿಸಿ ಕಳಿ, ಮೀನಿನ ಸಾರು. ವಾಸನೆಗೇ ನನ್ನ ಬಾಯಲ್ಲಿ ನೀರು ಬಂತು. ಸೆಲ್ವಿ ಟೀಚರ ತಾಯಿ ನನ್ನ ಎಲೆಗೊಂದು ಉಂಡೆ ಹಾಕಲು ಬಂದರು. ಸೆಲ್ವಿ ಟೀಚರ್ ತಾಯಿಯ ಕೈ ಹಿಡಿದು ತಡೆದು, ಇವರಿಗೆ ಬೇಡಮ್ಮ, ಇವರಿಗೆ ಅನ್ನ ಮಾಡಿದ್ದೇನೆ ಎಂದರು. ಅದರಲ್ಲಿ ಕೊಂಕು ಇರಲಿಲ್ಲ, ನಿಜವಾದ ಉಪಚಾರವೇ ಇತ್ತು. ಅಂದು ನಮ್ಮ ಬಾಗಿಲಲ್ಲಿ ಅವರು ನಕ್ಕದ್ದು ಯಾಕೆಂದು ಆಗ ತಿಳಿಯಿತು. ಆಗ ಊರು ಬಿಟ್ಟು ಹಾಸ್ಟೆಲಿನಲ್ಲಿದ್ದ ಅವರಿಗೆ ಮನೆಯ ಊಟ ಕಂಡಿತ್ತು, ಒಂದು ತುತ್ತು ಕೊಡುತ್ತೀರಾ ಎನ್ನುವ ನಗು ಅದು. ನಾನು ಅವರ ತಾಯಿ ಮಾಡುವ ಊಟವನ್ನು ನಾಯಿಯದು ಎಂದಿದ್ದೆ. ನುಂಗಬೇಕಾದ್ದನ್ನು ಬಿಟ್ಟು, ಅನ್ನವನ್ನು ಅಗಿದು ಅಗಿದು ತಿಂದು ಎದ್ದೆ.

ಅಲ್ಲಿಯೂ ನಿಜ ಹೇಳಲಿಲ್ಲ. ಹೇಳಿದರೆ ಸತ್ತ ನಾಯಿಗೂ ಲೆಕ್ಕ ಕೊಡಬೇಕಾಗುತ್ತಿತ್ತು. ಈಚೆಗೆ ರಾಗಿಗೆ ಎಲ್ಲೆಲ್ಲೂ ಮರ್ಯಾದೆ ಬಂದಿದೆ, ನಮ್ಮ ಸ್ಟಾಫ್ ರೂಮಿನಲ್ಲಿ ರಾಗಿ ಬಿಸ್ಕತ್ತು ತಿನ್ನುತ್ತಾರೆ. ನಾನೂ ತಿಂದು, ಚೆನ್ನಾಗಿದೆ, ಹೊಸ ರುಚಿ ಎಂದಿದ್ದೇನೆ.

ಇಷ್ಟು ವರ್ಷವೂ ನನಗಿದ್ದ ಸಮಾಧಾನ ಒಂದೇ. ಅತ್ತೆಗೆ ತಮಿಳು ಬಾರದು. ನಾಯಿ ಎಂಬ ಮಾತು ಕಿವಿಗೆ ಬಿದ್ದಿರಬಹುದು, ಬೀದಿನಾಯಿಯ ವಿಷಯ ಏನೋ ಮಾತಾಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಕಳಿ ಎಂದರೆ ಹಿಟ್ಟು ಎಂದು ಅವರಿಗೇನು ಗೊತ್ತು. ಈ ಸಮಾಧಾನವನ್ನು ಹನ್ನೊಂದು ವರ್ಷ ಜೋಪಾನ ಮಾಡಿದ್ದೆ.

ಅದು ಮುರಿದದ್ದು ಮೂರನೇ ಸಲ ತಂತಿ ಬಿಗಿಸಿಕೊಳ್ಳಲು ಹೋದ ದಿನ. ಕುರ್ಚಿಯಲ್ಲಿ ಮಲಗಿದ್ದೆ. ಎರಡು ಕೆನ್ನೆಯನ್ನೂ ಅಗಲಕ್ಕೆ ಎಳೆದು ಹಿಡಿಯುವ ಪ್ಲಾಸ್ಟಿಕ್ ಸಾಧನವನ್ನು ಬಾಯಿಗೆ ತುರುಕಿದ್ದರು. ಆ ಸ್ಥಿತಿಯಲ್ಲಿ ಮನುಷ್ಯರಿಗೆ ಸಾಧ್ಯವಿರುವ ಅಕ್ಷರ ಒಂದೇ, "ಆ". ಅತ್ತೆ ಪಕ್ಕದ ಸ್ಟೂಲಿನ ಮೇಲೆ ನನ್ನ ಕೈಚೀಲ ಹಿಡಿದು ಕೂತಿದ್ದರು. ಹಳೆಯ ತಂತಿ ತೆಗೆದು ದಪ್ಪ ತಂತಿ ಹಾಕುತ್ತಿದ್ದ ಡಾಕ್ಟರಮ್ಮ, ಈ ಸಲ ನಾಲ್ಕು ದಿನ ಏನನ್ನೂ ಅಗಿಯಲು ಆಗುವುದಿಲ್ಲ ಎಂದರು. ಹಿಂದಿನ ಸಲಕ್ಕಿಂತ ನಾನು ಇಳಿದುಹೋಗಿದ್ದೇನೆ ಎಂದೂ ಹೇಳಿದರು. ನನ್ನಿಂದ ಉತ್ತರ ಬರುವ ಹಾಗಿರಲಿಲ್ಲವಾದ್ದರಿಂದ ಅತ್ತೆಯ ಕಡೆ ತಿರುಗಿ, ಕಳಿಯಾದರೆ ಅಗಿಯುವುದೇ ಬೇಡವಲ್ಲ, ಇವರು ಕಳಿ ತಿನ್ನುತ್ತಾರಾ ಅಜ್ಜಿ, ಎಂದು ತಮಿಳಿನಲ್ಲಿ ಕೇಳಿದರು.

ಅತ್ತೆ ನಕ್ಕು ನನ್ನ ಮುಖ ನೋಡಿದರು. ನಾನು ತಮಿಳು ಮಾಡಿ ಹೇಳುವವಳಲ್ಲವೇ. ನನ್ನ ಬಾಯಿ ಅಷ್ಟಗಲ ತೆರೆದಿತ್ತು, ಒಂದು ಮಾತೂ ಹೊರಡಲಿಲ್ಲ. ಅತ್ತೆ ಡಾಕ್ಟರಮ್ಮನಿಗೆ ತಾವೇ ಹೇಳಿದರು.

"ಇಲ್ಲೆಮ್ಮಾ. ಎಂಗ ವೀಟ್ಲ ಯಾರುಂ ಕಳಿ ಸಾಪ್ಪಿಡಮಾಟ್ಟಾಂಗ. ಅದು ನಾಯಿಕ್ಕು."

ಇಲ್ಲಮ್ಮ, ನಮ್ಮ ಮನೆಯಲ್ಲಿ ಯಾರೂ ಕಳಿ ತಿನ್ನುವುದಿಲ್ಲ, ಅದು ನಾಯಿಗೆ. ತಡವರಿಸದೆ ಹೇಳಿದರು, ಸೆಲ್ವಿ ಟೀಚರ್ ಕೇಳಿದ್ದರೂ ತಪ್ಪು ಹುಡುಕಲು ಆಗುತ್ತಿರಲಿಲ್ಲ. ಹೇಳಿ ನನ್ನ ಕಡೆ ನೋಡಿ, ಹೆದರಬೇಡ, ನಾನಿದ್ದೀನಿ ಎನ್ನುವಂತೆ ಸಣ್ಣಗೆ ತಲೆಯಾಡಿಸಿದರು. ನನ್ನನ್ನು ಹಂಗಿಸಲು ಹೇಳಿದ ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಸುಳ್ಳನ್ನು ನನ್ನ ಪರವಾಗಿ ಕಾಪಾಡುತ್ತಿದ್ದರು. ಹೊರಗಿನವರ ಮುಂದೆ ಸೊಸೆಗೆ ಹೀಗೆ ಹೇಳಿದರೇ ಇಷ್ಟ ಎಂದು ಹನ್ನೊಂದು ವರ್ಷದ ಕೆಳಗೆ ಕಲಿತುಕೊಂಡಿದ್ದರು.

ನನ್ನ ಕಣ್ಣಿಂದ ನೀರು ಕಿವಿಯ ಕಡೆ ಹರಿಯಿತು. ಡಾಕ್ಟರಮ್ಮ ಕೆಲಸ ನಿಲ್ಲಿಸಿ ನೋಯುತ್ತಿದೆಯಾ ಎಂದು ಕೇಳಿದರು. "ಆ" ಎಂದೆ. ಅಯ್ಯೋ, ಕಳಿ ತಿನ್ನುವ ಅಭ್ಯಾಸ ಇದ್ದಿದ್ದರೆ ನಿಮಗೆ ಎಷ್ಟು ಸುಲಭವಾಗುತ್ತಿತ್ತು ಎಂದು ಪಾಪ ಆಕೆಯೂ ನೊಂದುಕೊಂಡು, ಗಂಜಿ ಕುಡಿಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಹೊಸೂರಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಶೂಳಗಿರಿ ಬರುವ ತನಕ ಕಿಟಕಿಯಾಚೆ ನೋಡುತ್ತಿದ್ದೆ. ಆಮೇಲೆ ಬಾಯಿ ನೋಯುತ್ತಿದ್ದರೂ ಕೇಳಿದೆ.

"ನಿಮ್ಗೆ ತಮಿಳು ಬತ್ತದಾ ಅತ್ತೆ?"

"ಮೂವತ್ತು ವರ್ಷದಿಂದ ರೇಷನ್ ಅಂಗ್ಡೀಲಿ ಸನ್ನೆ ಮಾಡಿ ಸಕ್ಕರೆ ಇಸ್ಕೊಂಡ್ ಬತ್ತಿದ್ನಾ?" ಎಂದರು.

ಮತ್ತೆ ಒಂದು ದಿನವಾದರೂ ಯಾಕೆ ಮಾತಾಡಲಿಲ್ಲ ಎಂದು ಕೇಳಿದೆ. ಅತ್ತೆ ನನ್ನ ಕೈಚೀಲದ ಜಿಪ್ಪನ್ನು ಎಳೆದು ಮುಚ್ಚಿದರು.

"ನಂಗೆ ಗೊತ್ತಾಗ್ಬಾರ್ದು ಅಂತ ನೀನು ತಮಿಳ್ನಾಗೆ ಮಾತಾಡ್ತಿದ್ದೆ. ನಂಗೆ ತಿಳೀತದೆ ಅಂದ್ಬುಟ್ರೆ ಆಮ್ಯಾಕೆ ನೀನು ಎಲ್ಲಿಗ್ ಹೋಗಿ ಮಾತಾಡ್ತೀಯ, ಪಾಪ."

ಮನೆ ತಲುಪಿದಾಗ ಐದೂವರೆ. ಅತ್ತೆ ಕೈಕಾಲು ತೊಳೆದು ನೇರವಾಗಿ ಅಡುಗೆಮನೆಗೆ ಹೋಗಿ ನೀರು ಒಲೆಯ ಮೇಲಿಟ್ಟರು. ಗಂಜಿ ಎಂದುಕೊಂಡೆ. ರಾಗಿ ಹಿಟ್ಟಿನ ವಾಸನೆ ಬಂತು. ನನಗೆಂದು ಎಂದಿಗಿಂತ ಮೆತ್ತಗೆ ತಿರುವಿದ್ದರು, ಚಿಕ್ಕ ಉಂಡೆ ಕಟ್ಟಿದ್ದರು, ಸಾರನ್ನು ಕಾಳಿಲ್ಲದಂತೆ ಬಸಿದಿದ್ದರು. ತಟ್ಟೆ ನನ್ನ ಮುಂದಿಟ್ಟರು. ಡಾಕ್ಟರಮ್ಮ ಹೇಳಿದ್ದು ಸರಿ, ಅದಕ್ಕೆ ಹಲ್ಲು ಬೇಡ. ಆದರೆ ಕೈ ತಟ್ಟೆಗೆ ಹೋಗಲಿಲ್ಲ.

ತಪ್ಪಾಯ್ತು ಎಂದು ಹೇಳಬೇಕಾಗಿತ್ತು. ತುಟಿ ಮುಚ್ಚದೆ ತಪ್ಪು ಎನ್ನಲು ಆಗುವುದಿಲ್ಲ, ಬೇಕಾದರೆ ಹೇಳಿ ನೋಡಿ. ಹೊಸ ತಂತಿಯ ಮೇಲೆ ತುಟಿ ಮುಚ್ಚಿದರೆ ಪ್ರಾಣ ಹೋಗುತ್ತಿತ್ತು. ಒಂದೆರಡು ಸಲ ಬರಿಯ ಗಾಳಿ ಬಂತು. ಮೂರನೇ ಸಲ ಮಾತು ಬಂತು, ಜೊತೆಗೆ ಸ್ವಲ್ಪ ರಕ್ತವೂ ಬಂತು.

"ತಪ್ಪಾಯ್ತು ಅತ್ತೆ."

ಯಾವುದು ಎಂದು ಕೇಳಿದರು. ನಾಯಿದು ಎಂದೆ.

"ಅದು ಲಾರಿಗೆ ಸಿಕ್ಕಿ ಸತ್ತು ಎಷ್ಟ್ ವರ್ಷ ಆಯ್ತು. ಬುಡು ಅತ್ಲಾಗೆ," ಎಂದರು. ನಗುತ್ತಲೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸಾರು ಬಡಿಸುತ್ತಿದ್ದರು.

ನೀವೂ ತಟ್ಟೆ ಹಾಕಿಕೊಳ್ಳಿ, ಒಟ್ಟಿಗೆ ಉಣ್ಣೋಣ ಎಂದೆ. ಆಯ್ತು ಎಂದು ತಟ್ಟೆ ತಂದು ನನ್ನೆದುರಿಗೆ ಇಟ್ಟರು. ಕೂರುವ ಮುಂಚೆ ಏನೋ ನೆನಪಾದವರಂತೆ ನಿಂತು, "ತಡಿ, ಬಾಗ್ಲು ಹಾಕ್ಕೊಂಡು ಬತ್ತೀನಿ," ಎಂದು ಹೋದರು. ಬೀದಿ ಬಾಗಿಲಿನ ಚಿಲಕ ಬಿದ್ದ ಸದ್ದು ಕೇಳಿಸಿತು. ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಹಿಟ್ಟು ಉಣ್ಣುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ ಎಂಬುದು ನನಗೆ ಗೊತ್ತಿರದ ವಿಷಯವಲ್ಲ. ಸೊಳ್ಳೆಗೆಂದು ಹಾಕುತ್ತಾರೆ ಎಂದುಕೊಂಡಿದ್ದೆ.

ಈಗ ಆರು ತಿಂಗಳಾಯಿತು. ಸ್ಟಾಫ್ ರೂಮಿನಲ್ಲಿ ಎಲ್ಲ ಹೇಳಿದೆ, ಮಣಿ ಎಂಬ ನಾಯಿ ಇರಲೇ ಇಲ್ಲ ಎಂದೂ ಹೇಳಿದೆ. ಸೆಲ್ವಿ ಟೀಚರ್ ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು, ಈಗ ಬರುವ ಭಾನುವಾರ ಊಟಕ್ಕೆ ಬರುತ್ತೇನೆ ಎಂದಿದ್ದಾರೆ. ಡಬ್ಬಿಗೂ ಹಿಟ್ಟೇ ಹಾಕಿಸಿಕೊಂಡು ಹೋಗುತ್ತೇನೆ. ಅದೆಲ್ಲ ಆದೀತು. ಬಾಗಿಲಿನದೇ ಆಗುತ್ತಿಲ್ಲ. ಉಣ್ಣಲು ಕೂರುವ ಮುಂಚೆ ನಾನು ಹೋಗಿ ಬೀದಿ ಬಾಗಿಲನ್ನು ಅಗಲಕ್ಕೆ ತೆಗೆದು ಬರುತ್ತೇನೆ. ಅತ್ತೆ ಎದ್ದು ಹೋಗಿ ಹಾಕಿ ಬರುತ್ತಾರೆ. ಯಾಕತ್ತೆ ಎಂದು ಕೇಳಿದರೆ, ಮಧ್ಯಾಹ್ನ ಹನ್ನೆರಡು ಗಂಟೆಯ ಬಿಸಿಲಿನಲ್ಲೂ, "ಸೊಳ್ಳೆ ಬತ್ತವೆ ಕಣಮ್ಮ," ಅನ್ನುತ್ತಾರೆ.